ಆಕಾಶ ಯಾರ ಸೊತ್ತು?



ರೇಡಿಯೋ ಕೇಳುವ ಹಕ್ಕು ನಮಗೆಲ್ಲರಿಗೂ ಇದೆ. ಆದರೆ ರೇಡಿಯೋದಲ್ಲಿ ಮಾತಾಡುವ ಹಕ್ಕು ಯಾರದು? ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಉತ್ತರ ಸಿಗಲು ಬಹಳ ವರ್ಷ ಹಿಡಿಯಿತು. ಆ ಚರಿತ್ರೆಯನ್ನು ಇಂದು ಚಿಕ್ಕದಾಗಿ ತಮ್ಮ ಮುಂದೆ ಇಡುತ್ತೇನೆ.

ಹಿರಿಯರಿಗೆ ನೆನಪಿರಬಹುದು. ಹಿಂದೆ ಮನೆಯಲ್ಲಿ ರೇಡಿಯೋ ಪೆಟ್ಟಿಗೆ ಇಟ್ಟುಕೊಳ್ಳುವುದಕ್ಕೂ ಲೈಸೆನ್ಸ್ ಬೇಕಿತ್ತು. ವರ್ಷವರ್ಷವೂ ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಬೇಕಾಗಿತ್ತು. 1980ರ ದಶಕದಲ್ಲಿ ಆ ಪದ್ಧತಿ ನಿಂತಿತು. ಕೇಳುವುದಕ್ಕೇ ಇಷ್ಟು ಕಟ್ಟುಪಾಡು ಇದ್ದ ಮೇಲೆ ಮಾತಾಡುವ ಮಾತೆಲ್ಲಿ ಬಂತು? 1885ರ ಟೆಲಿಗ್ರಾಫ್ ಕಾಯಿದೆ ಬ್ರಿಟಿಷರು ಮಾಡಿದ್ದು. ತಂತಿಯ ಮೇಲೆ ಸರ್ಕಾರಕ್ಕಿದ್ದ ಅಧಿಕಾರವೇ ಮುಂದೆ ರೇಡಿಯೋದ ಮೇಲೂ ಬಂತು. ಸ್ವಾತಂತ್ರ್ಯ ಬಂದ ಮೇಲೂ ಆ ಹಿಡಿತ ಸಡಿಲಲಿಲ್ಲ.

ಕನ್ನಡದವರ ಮಟ್ಟಿಗೆ ಒಂದು ಹೆಮ್ಮೆಯ ಸಂಗತಿ ಇದೆ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಾದ ವಿಠಲ ವಿಹಾರದಿಂದಲೇ, 30 ವ್ಯಾಟಿನ ಪುಟ್ಟ ಪ್ರೇಷಕ ಯಂತ್ರದ ಮೂಲಕ ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಬಾನುಲಿಗೆ ಬಂದದ್ದು ಅಲ್ಲಿಂದ. ಇಡೀ ದೇಶದ ರೇಡಿಯೋ ಆಮೇಲೆ ಅದೇ ಹೆಸರನ್ನು ಹಿಡಿಯಿತು. ಒಬ್ಬ ಮೇಷ್ಟರ ಮನೆಯಿಂದ ಹೊರಟ ದನಿ ಅದು. ಮುಂದೆ ಅದು ಮೈಸೂರು ಸರ್ಕಾರದ ಕೈಗೆ, ಅನಂತರ ಕೇಂದ್ರದ ಕೈಗೆ ಹೋಯಿತು. ಮತ್ತೆ ಸಾಮಾನ್ಯ ಜನರ ಕೈಗೆ ಬರಲು ಏಳು ದಶಕ ಬೇಕಾಯಿತು.

ನಮ್ಮ ವಯನಾಡಿನ ಸ್ಥಿತಿ ಹೇಗಿತ್ತು? 1950ರಲ್ಲಿ ಕೋಝಿಕ್ಕೋಡು ಆಕಾಶವಾಣಿ ಆರಂಭವಾಯಿತು. ಅದರ ಭಾಷೆ ಮಲಯಾಳ. ಕಲ್ಪೆಟ್ಟದ ಸುತ್ತಿನ ಜೈನ ಗೌಡರ ಮನೆಗಳಿರಲಿ, ಕನ್ನಡಕ್ಕೆ ಹತ್ತಿರದ ನುಡಿಯಾಡುವ ಕಾಟ್ಟುನಾಯ್ಕರ ಹಾಡಿಗಳಿರಲಿ, ತಮ್ಮ ಮನೆಯ ಮಾತು ತಮ್ಮ ಊರಿನ ರೇಡಿಯೋದಲ್ಲಿ ಕೇಳುವ ಭಾಗ್ಯ ಇರಲಿಲ್ಲ. ಕಾಸರಗೋಡಿನ ಕನ್ನಡಿಗರಿಗೆ 1976ರಲ್ಲಿ ಮಂಗಳೂರು ಆಕಾಶವಾಣಿ ಬಂದು ಆಸರೆಯಾಯಿತು. ವಯನಾಡಿಗೆ ಅಂಥ ನೆರೆಯೂ ಸಿಗಲಿಲ್ಲ.

ಅದೇ ಹೊತ್ತಿಗೆ ದೇಶವು ಒಂದು ಪಾಠ ಕಲಿಯಿತು. 1975ರಿಂದ 1977ರವರೆಗಿನ ತುರ್ತು ಪರಿಸ್ಥಿತಿಯಲ್ಲಿ ಆಕಾಶವಾಣಿ ಸರ್ಕಾರ ಹೇಳಿದ್ದನ್ನಷ್ಟೇ ಹೇಳಿತು. ಆಮೇಲೆ ಬಂದ ವರ್ಗೀಸ್ ಸಮಿತಿ ಸ್ವಾಯತ್ತ ಸಂಸ್ಥೆಯೊಂದನ್ನು ಸೂಚಿಸಿ 1978ರಲ್ಲಿ ವರದಿ ಕೊಟ್ಟಿತು. ಪ್ರಸಾರ ಭಾರತಿ ಕಾಯಿದೆ 1990ರಲ್ಲಿ ಪಾಸಾಯಿತು. ಜಾರಿಗೆ ಬಂದದ್ದು 1997ರಲ್ಲಿ! ಪಾಸಾದ ಕಡತವೂ ಏಳು ವರ್ಷ ಮೇಜಿನ ಮೇಲೆ ಮಲಗಬಲ್ಲದು ಎಂಬುದಕ್ಕೆ ಇದೇ ಸಾಕ್ಷಿ.

ಬಾಗಿಲು ತೆರೆದದ್ದು ಮಾತ್ರ ಕ್ರಿಕೆಟಿನಿಂದ. 1993ರ ಹೀರೋ ಕಪ್ ಪಂದ್ಯಗಳನ್ನು ಟಿ.ವಿ.ಯಲ್ಲಿ ತೋರಿಸುವ ಹಕ್ಕಿನ ಬಗ್ಗೆ ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಸರ್ಕಾರಕ್ಕೂ ವ್ಯಾಜ್ಯವಾಯಿತು. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ಬಾನಲೆಗಳು ಸಾರ್ವಜನಿಕರ ಸೊತ್ತು, ಅವು ಸರ್ಕಾರದ ಏಕಸ್ವಾಮ್ಯವಲ್ಲ, ಹಾಗೆಂದು ಹಣವಂತರಿಗೆ ಬಿಟ್ಟುಕೊಡತಕ್ಕದ್ದೂ ಅಲ್ಲ, ಜನಹಿತಕ್ಕಾಗಿ ಅವುಗಳನ್ನು ನಿಯಂತ್ರಿಸಬೇಕು. ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ನೌಕರಿ ಮುಗಿಸಿದ ನನಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಠೇವಣಿಯ ಹಣ ಗ್ರಾಹಕನದು. ಬೀಗದ ಕೈ ನಮ್ಮಲ್ಲಿದ್ದ ಮಾತ್ರಕ್ಕೆ ಅದು ನಮ್ಮದಾಗದು.

ತೀರ್ಪು ಬಂದರೆ ಸಾಲದು, ಕೇಳುವವರೂ ಬೇಕು. 1996ರಲ್ಲಿ ಬೆಂಗಳೂರಿನಲ್ಲಿ ಸೇರಿದ ಮಾಧ್ಯಮದವರೂ ಕಾರ್ಯಕರ್ತರೂ ಸಮುದಾಯ ರೇಡಿಯೋ ಬೇಕೆಂದು ಘೋಷಣೆ ಹೊರಡಿಸಿದರು. 2000ದಲ್ಲಿ ಅಂದಿನ ಆಂಧ್ರದ ಪಸ್ತಾಪುರದ ಹೆಸರಿನಲ್ಲಿ ಇನ್ನೊಂದು ಘೋಷಣೆ ಬಂತು. ಅದರ ಹಿಂದಿದ್ದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಪಿ.ವಿ. ಸತೀಶ್ ಅವರು ಮೈಸೂರು ಮೂಲದವರು. ಆ ಸಂಸ್ಥೆಯ ದಲಿತ ಹೆಣ್ಣುಮಕ್ಕಳು ಸ್ಟುಡಿಯೋ ಸಿದ್ಧ ಮಾಡಿಕೊಂಡು, ಪರವಾನಗಿ ಇಲ್ಲದೆ ಸುಮಾರು ಹತ್ತು ವರ್ಷ ಕಾದರು. ಧ್ವನಿಮುದ್ರಿಸಿದ ಕ್ಯಾಸೆಟ್ಟುಗಳನ್ನು ಊರ ಸಂಘಗಳಲ್ಲಿ ಹಾಕಿ ಕೇಳಿಸಿದರು.

ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯವರು ಬೇರೊಂದು ದಾರಿ ಹುಡುಕಿದರು. ಗಾಳಿಯಲ್ಲಿ ಬಿತ್ತರಿಸಲು ಅಪ್ಪಣೆ ಇಲ್ಲವಷ್ಟೆ? ಹಾಗಾದರೆ ತಂತಿಯಲ್ಲಿ ಕಳಿಸೋಣ ಎಂದರು! 'ನಮ್ಮ ಧ್ವನಿ'ಯ ಕಾರ್ಯಕ್ರಮಗಳು ಕೇಬಲ್ ಟಿ.ವಿ.ಯ ತಂತಿಯ ಮೂಲಕ ಮನೆಮನೆಗೆ ತಲುಪಿದವು. ನೀರು, ಬೆಳೆ, ಆರೋಗ್ಯ, ಹಳ್ಳಿಯ ಹಾಡು ಎಲ್ಲವೂ ಊರವರ ಬಾಯಿಂದಲೇ.

ಸರ್ಕಾರ 2002ರಲ್ಲಿ ವಿದ್ಯಾಸಂಸ್ಥೆಗಳಿಗೆ ಅವಕಾಶ ಕೊಟ್ಟಿತು. 2006ರ ನವೆಂಬರಿನಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಕೊಟ್ಟಿತು. ಲಾಭವಿಲ್ಲದೆ ನಡೆಸಬೇಕು, ಸಾಮಾನ್ಯವಾಗಿ 100 ವ್ಯಾಟ್ ಮೀರಬಾರದು, ಅರ್ಧದಷ್ಟಾದರೂ ಕಾರ್ಯಕ್ರಮ ಸ್ಥಳೀಯವಾಗಿ ತಯಾರಾಗಬೇಕು, ಆದಷ್ಟು ಸ್ಥಳದ ಭಾಷೆಯಲ್ಲೇ ಇರಬೇಕು ಎಂಬ ನಿಯಮಗಳು ಬಂದವು. ಸ್ವಂತ ಸುದ್ದಿ ಪ್ರಸಾರಕ್ಕೆ ಮಾತ್ರ ಅವಕಾಶ ಕೊಡಲಿಲ್ಲ. ಪಸ್ತಾಪುರದ ಹೆಣ್ಣುಮಕ್ಕಳ ಸಂಘಂ ರೇಡಿಯೋ 2008ರ ಅಕ್ಟೋಬರಿನಲ್ಲಿ ಕೊನೆಗೂ ಗಾಳಿಗೆ ಬಂತು. ಮರುವರ್ಷ, 2009ರಲ್ಲಿ, ಮಾನಂದವಾಡಿ ಬಳಿಯ ದ್ವಾರಕದಿಂದ ರೇಡಿಯೋ ಮಾಟ್ಟೊಲಿ ಮಾತಾಡಿತು. ಮಲಯಾಳದ ಮಾಟ್ಟೊಲಿ ನಮ್ಮ ಮಾರ್ದನಿಯೇ. ಆದಿವಾಸಿಗಳ ನುಡಿಗಳಿಗೂ ಅಲ್ಲಿ ಎಡೆ ಸಿಕ್ಕಿತು. ಕಬಿನಿಯ ಕೆಳಗಡೆ, ಸರಗೂರಿನಲ್ಲಿ, 2012ರಲ್ಲಿ ಕನ್ನಡದ 'ಜನಧ್ವನಿ' ಹುಟ್ಟಿತು. ಗಾಳಿಗೆ ಗಡಿಯಿಲ್ಲ, ನಿಜ. ಆದರೆ 100 ವ್ಯಾಟಿಗೆ ಒಂದು ಅಳತೆ ಇದೆ. ಸರಗೂರಿನ ದನಿ ಕಾಡು ದಾಟಿ ಕಲ್ಪೆಟ್ಟ ಮುಟ್ಟಲಾರದು.

ಇದೆಲ್ಲ ಹಾಡು ಹರಟೆಯ ವಿಷಯವಲ್ಲವೇ ಎನ್ನುವವರಿಗೆ 2024ರ ಜುಲೈ 30ನ್ನು ನೆನಪಿಸುತ್ತೇನೆ. ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಗುಡ್ಡ ಕುಸಿದಾಗ ಹವ್ಯಾಸಿ ಹ್ಯಾಮ್ ರೇಡಿಯೋದವರು ಕಲ್ಪೆಟ್ಟದ ಕಲೆಕ್ಟರೇಟಿನಲ್ಲೇ ಕೇಂದ್ರ ತೆರೆದು ದುರಂತದ ಸ್ಥಳದಿಂದ ಸುದ್ದಿ ತರಿಸಿಕೊಂಡರು. ಆಪತ್ತಿನ ಹೊತ್ತಿನಲ್ಲಿ ಸುದ್ದಿ ಬೇಗ ಬಂದರೆ ಸಾಲದು, ತಿಳಿಯುವ ಮಾತಿನಲ್ಲಿ ಬರಬೇಕು. ಊರು ಬಿಡಿ ಎಂಬ ಎಚ್ಚರಿಕೆ ಹಾಡಿಯ ಅಜ್ಜಿಗೆ ಅರ್ಥವಾಗದಿದ್ದರೆ ಅದು ಎಚ್ಚರಿಕೆಯೇ ಅಲ್ಲ.

ಬಾಂಧವರೇ, ನಮಗೆ ಎರಡು ಭಾಷೆ ಬರುತ್ತದೆ. ಮಲಯಾಳ ಅನ್ನ ಕೊಟ್ಟ ಭಾಷೆ. ಅದರ ಮೇಲೆ ನಮಗೆ ಮುನಿಸಿಲ್ಲ. ನಾವು ಕೇಳುವುದು ಕನ್ನಡಕ್ಕೂ ಒಂದಿಷ್ಟು ಹೊತ್ತು. ಸ್ಥಳದ ಭಾಷೆ ಎಂದು ನಿಯಮವೇ ಹೇಳುವಾಗ, ಇಲ್ಲಿನ ಕನ್ನಡವೂ ಸ್ಥಳದ್ದೇ ಎಂದು ನೆನಪಿಸಬೇಕಾದವರು ನಾವು. ಕೇಂದ್ರಗಳಿಗೆ ಕಾಗದ ಬರೆಯಿರಿ. ಕರೆದಾಗ ಹೋಗಿ ಮಾತಾಡಿ. ಮನೆಯ ಹಿರಿಯರ ಹಾಡು, ಕಥೆಗಳನ್ನು ಅವರಿರುವಾಗಲೇ ಧ್ವನಿಮುದ್ರಿಸಿ ಇಡಿ. ಆಕಾಶದ ಖಾತೆಯಲ್ಲಿ ನಮ್ಮ ಹೆಸರೂ ಇದೆ. ಬಹಳ ದಿನ ವ್ಯವಹಾರ ಮಾಡದ ಖಾತೆ ಏನಾಗುತ್ತದೆ ಎಂಬುದು ತಮಗೆಲ್ಲ ಗೊತ್ತೇ ಇದೆ.