ಪಡಿತರ ಚೀಟಿಯೂ ಸೆರೆಯಂಗಡಿಯೂ

ಕುಡುಕರನ್ನು ಪರೀಕ್ಷೆ ಮಾಡಿಸಿ ರೇಷನ್ ನಿಲ್ಲಿಸಬೇಕೆಂಬ ಮಾತನ್ನು ರಾಯಚೂರಿನ ಓದಿದವರ ಬಾಯಲ್ಲೇ ಕೇಳಿದ್ದೇನೆ. ಅವರು ನಮ್ಮ ಸೀಮೆಯ ಚರಿತ್ರೆಯನ್ನು ತುಸು ನೋಡಬೇಕು. 1948ರವರೆಗೆ ನಾವು ನಿಜಾಮರ ಪ್ರಜೆಗಳು. ಸೆಂದಿ, ಸೆರೆಗಳ ಅಬಕಾರಿ ಆ ಸರ್ಕಾರದ ದೊಡ್ಡ ಆದಾಯಗಳಲ್ಲೊಂದು. ಆಳುವವರು ಬದಲಾದರೂ ಗುತ್ತಿಗೆದಾರರ ಅಂಗಡಿಗಳು ಉಳಿದವು. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈಯಲ್ಲಿ. ಆ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. ಕುಡಿಸಿ ಬೊಕ್ಕಸ ತುಂಬಿಕೊಂಡವರೇ ಕುಡಿದವನ ಬಾಯಿ ಮೂಸಿ ನೋಡುವುದು ಯಾವ ನ್ಯಾಯ?

ಅಮೆರಿಕದ ಫ್ಲಾರಿಡಾದಲ್ಲಿ 2011ರಲ್ಲಿ ನೆರವು ಬೇಡುವವರಿಗೆ ಮಾದಕ ವಸ್ತುವಿನ ಪರೀಕ್ಷೆ ವಿಧಿಸಿದರು. ಸಿಕ್ಕಿಬಿದ್ದವರು ನೂರಕ್ಕೆ ಮೂವರೂ ಇಲ್ಲ. 2014ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಆ ಕಾನೂನನ್ನು ಒಪ್ಪಲಿಲ್ಲ.

ದೇವದುರ್ಗ, ಮಾನ್ವಿಗಳಲ್ಲಿ ಪಾಠ ಹೇಳುವಾಗ ಕಂಡದ್ದು ಇಷ್ಟು: ಅಪ್ಪನ ಕೂಲಿ ಅಂಗಡಿ ಸೇರಿದ ದಿನ ಮಕ್ಕಳು ಉಂಡದ್ದು ಪಡಿತರದ ಅಕ್ಕಿಯನ್ನೇ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಚೀಟಿಗೆ ಮನೆಯ ಹಿರಿಯ ಹೆಂಗಸೇ ಯಜಮಾನಿ. ಅಂದಮೇಲೆ ಶಿಕ್ಷೆ ಯಾರಿಗೆ? 2019ರ ಜನವರಿಯಲ್ಲಿ ರಾಯಚೂರು ಜಿಲ್ಲೆಯವರೂ ಸೇರಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ, ಸುಮಾರು 200 ಕಿಲೋಮೀಟರ್ ನಡೆದರು. ಗಂಡನ ಪಾಲಿನ ಅಕ್ಕಿ ನಿಲ್ಲಿಸಿರೆಂದು ಅವರು ಕೇಳಲು ಹೋಗಿರಲಿಲ್ಲ. ಮದ್ಯದ ಅಂಗಡಿ ಮುಚ್ಚಿರೆಂದು ಕೇಳಲು ಹೋಗಿದ್ದರು.