ಕೊಬ್ಬಿನೊಡನೆ ನುಂಗಬೇಕಿದ್ದ ಮಾತ್ರೆ

ಯಕೃತ್ತಿಗೆ ಹಾನಿ ಮಾಡುವ ಹೆಪಟೈಟಿಸ್-ಸಿ ವೈರಸ್ಸನ್ನು 1989ರಲ್ಲಿ ಗುರುತಿಸಲಾಯಿತು. ಬಹುಕಾಲ ಇಂಟರ್‌ಫೆರಾನ್ ಚುಚ್ಚುಮದ್ದು ಮತ್ತು ರಿಬಾವಿರಿನ್‌ಗಳೇ ಚಿಕಿತ್ಸೆಯಾಗಿದ್ದವು. ಇವುಗಳ ಜೊತೆಗೆ ಕೊಡಲು 2011ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟೆಲಾಪ್ರೆವಿರ್, ವೈರಸ್‌ನ ಪ್ರೋಟಿಯೇಸ್ ಕಿಣ್ವವನ್ನೇ ತಡೆಯುತ್ತಿತ್ತು. ಆದರೆ ಅದು ನೀರಿನಲ್ಲಿ ಕರಗುವುದು ಅತ್ಯಲ್ಪ. ಸುಮಾರು 20 ಗ್ರಾಂ ಕೊಬ್ಬಿರುವ ಆಹಾರದೊಡನೆ ಸೇವಿಸಿದರೆ, ಬರಿಹೊಟ್ಟೆಗಿಂತ ಮೂರು ಪಟ್ಟಿಗೂ ಹೆಚ್ಚು ಔಷಧಿ ರಕ್ತ ಸೇರುತ್ತಿತ್ತು. ಹೀಗಾಗಿ ರೋಗಿಗಳು ಮೊದಲಿಗೆ 8 ಗಂಟೆಗೊಮ್ಮೆ, 12 ವಾರಗಳ ಕಾಲ, ಹಸಿವಿಲ್ಲದಿದ್ದರೂ ಅಂಥ ಆಹಾರ ತಿನ್ನಬೇಕಾಗಿತ್ತು. ತಪ್ಪಿದರೆ ರಕ್ತದಲ್ಲಿ ಔಷಧಿ ಸಾಲದೆ, ಅದಕ್ಕೆ ಬಗ್ಗದ ವೈರಸ್‌ಗಳು ಹೆಚ್ಚುವ ಅಪಾಯವಿತ್ತು. 2013ರಲ್ಲಿ ಬಂದ ಸೊಫೊಸ್‌ಬುವಿರ್‌ಗೆ ಈ ಕಟ್ಟಳೆಯಿಲ್ಲ. ಆದರೆ 2017ರ ಗ್ಲೆಕಾಪ್ರೆವಿರ್-ಪಿಬ್ರೆಂಟಾಸ್ವಿರ್ ಮಾತ್ರೆಯನ್ನು ಆಹಾರದೊಡನೆಯೇ ಸೇವಿಸಬೇಕು. ‘ಊಟದೊಡನೆ’ ಎಂಬ ಸೂಚನೆಯೂ ಚಿಕಿತ್ಸೆಯ ಒಂದು ಭಾಗವೇ.