ಮಾಹಿತಿ ತಂತ್ರಜ್ಞಾನ ಮತ್ತು ಡಿಜಿಟಲ್ ಮಾಧ್ಯಮ: ಪಿಯುಸಿ ನಂತರದ ಕಾಲೇಜು ಶಿಕ್ಷಣ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಕೂಡಲೇ ಅನೇಕ ಮನೆಗಳಲ್ಲಿ "ಮಕ್ಕಳಿಗೆ ಕಂಪ್ಯೂಟರ್ ಓದಿಸೋಣ" ಎಂಬ ಮಾತು ಬರುತ್ತದೆ. ಆದರೆ ಕಂಪ್ಯೂಟರ್ ಎಂಬ ಒಂದೇ ಹೆಸರಿನ ಕೆಳಗೆ ಹತ್ತಾರು ಕೋರ್ಸುಗಳಿವೆ. ಅವುಗಳ ಅರ್ಹತೆ, ಅವಧಿ, ಖರ್ಚು ಮತ್ತು ಮುಂದಿನ ಉದ್ಯೋಗ ಬೇರೆ ಬೇರೆ. ಆಯ್ಕೆ ತಪ್ಪಿದರೆ ಮೂರು ನಾಲ್ಕು ವರ್ಷಗಳ ಜೊತೆಗೆ ಕುಟುಂಬದ ಉಳಿತಾಯವೂ ಕೈಬಿಡುತ್ತದೆ. ಆದ್ದರಿಂದ ಅರ್ಜಿ ಹಾಕುವ ಮುನ್ನವೇ ವ್ಯತ್ಯಾಸ ತಿಳಿದಿರಬೇಕು.

ಎರಡು ಕ್ಷೇತ್ರಗಳ ವ್ಯತ್ಯಾಸ

ಮಾಹಿತಿ ತಂತ್ರಜ್ಞಾನದಲ್ಲಿ ತಂತ್ರಾಂಶ ಬರೆಯುವುದು, ದತ್ತಾಂಶವನ್ನು ಸಂಗ್ರಹಿಸಿ ಕಾಪಾಡುವುದು, ನೆಟ್‌ವರ್ಕ್ ಮತ್ತು ಸರ್ವರ್ ನಡೆಸುವುದು ಮುಖ್ಯ. ಗಣಿತ ಮತ್ತು ತರ್ಕ ಇದರ ತಳಹದಿ. ಡಿಜಿಟಲ್ ಮಾಧ್ಯಮದಲ್ಲಿ ಬರವಣಿಗೆ, ಛಾಯಾಗ್ರಹಣ, ವಿಡಿಯೊ ಸಂಕಲನ, ಗ್ರಾಫಿಕ್ ವಿನ್ಯಾಸ, ಅನಿಮೇಷನ್ ಮುಖ್ಯ. ಇಲ್ಲಿ ಭಾಷೆಯ ಹಿಡಿತ ಮತ್ತು ಕಣ್ಣಿನ ಅಭಿರುಚಿ ಬೇಕು. ಮೊಬೈಲಿನಲ್ಲಿ ಚೆನ್ನಾಗಿ ವಿಡಿಯೊ ಮಾಡುವ ಹುಡುಗನಿಗೆ ಕೋಡಿಂಗ್ ಒಗ್ಗುತ್ತದೆ ಎಂದೇನಿಲ್ಲ.

ಎಂಜಿನಿಯರಿಂಗ್

ಬಿಇ ನಾಲ್ಕು ವರ್ಷದ ಪದವಿ. ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿರಬೇಕು. ರಾಜ್ಯದ ಸರ್ಕಾರಿ ಕೋಟಾ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಸಿಇಟಿ ನಡೆಸುತ್ತದೆ. ಪ್ರತಿ ವಿಷಯಕ್ಕೆ 60 ಅಂಕ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಮತ್ತು ಪಿಯುಸಿ ಅಂಕ ಎರಡನ್ನೂ ಅರ್ಧರ್ಧ ಪರಿಗಣಿಸುವುದರಿಂದ ಬೋರ್ಡ್ ಪರೀಕ್ಷೆಯನ್ನು ಕಡೆಗಣಿಸುವಂತಿಲ್ಲ. ಖಾಸಗಿ ಕಾಲೇಜುಗಳ ಸೀಟುಗಳಿಗೆ ಕಾಮೆಡ್‌ಕೆ ಪ್ರತ್ಯೇಕ ಪರೀಕ್ಷೆ ನಡೆಸುತ್ತದೆ.

ಕಂಪ್ಯೂಟರ್ ಸೈನ್ಸ್ ಸಿಗದಿದ್ದರೆ ಇನ್ಫರ್ಮೇಷನ್ ಸೈನ್ಸ್ ಕಡಿಮೆಯದು ಎಂಬ ಭಾವನೆ ಬೇಡ. ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್, ನೆಟ್‌ವರ್ಕ್‌ನಂಥ ಮುಖ್ಯ ವಿಷಯಗಳು ಎರಡರಲ್ಲೂ ಇರುತ್ತವೆ.

ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಮಾಡಿದವರು ಡಿಸಿಇಟಿ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಬೇಗ ದುಡಿಮೆಗೆ ನಿಲ್ಲಬೇಕಾದ ಕುಟುಂಬಗಳಿಗೆ ಇದು ಒಳ್ಳೆಯ ದಾರಿ.

ಬಿಸಿಎ ಮತ್ತು ಎಂಸಿಎ

ವಾಣಿಜ್ಯ ವಿಭಾಗದಲ್ಲಿ ಪಿಯುಸಿ ಮಾಡಿದವರಿಗೂ ಹಲವು ವಿಶ್ವವಿದ್ಯಾಲಯಗಳಲ್ಲಿ ಬಿಸಿಎ ಬಾಗಿಲು ತೆರೆದಿದೆ. 2024-25ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಅದೇ ಸಾಲಿನಿಂದ ಬಿಸಿಎ ಕೋರ್ಸು ಎಐಸಿಟಿಇ ವ್ಯಾಪ್ತಿಗೂ ಬಂದಿದೆ. ಸೇರುವ ಮುನ್ನ ಕಾಲೇಜಿನ ಅನುಮೋದನೆಯನ್ನು ಖಚಿತಪಡಿಸಿಕೊಳ್ಳಬೇಕು. ಮುಂದೆ ಎರಡು ವರ್ಷದ ಎಂಸಿಎ ಇದೆ. ಮೂರು ವರ್ಷ ಬಿಸಿಎ, ಎರಡು ವರ್ಷ ಎಂಸಿಎ ಸೇರಿದರೆ ಐದು ವರ್ಷ. ತಂತ್ರಾಂಶ ಉದ್ಯೋಗಕ್ಕೆ ಇದು ಎಂಜಿನಿಯರಿಂಗ್‌ಗೆ ಪರ್ಯಾಯವಾದ ಗಟ್ಟಿ ಹಾದಿ.

ಡಿಜಿಟಲ್ ಮಾಧ್ಯಮದ ಕೋರ್ಸುಗಳು

ಬಿವೋಕ್ ಪದವಿಯನ್ನು ಯುಜಿಸಿ ಕೌಶಲ ಶಿಕ್ಷಣಕ್ಕಾಗಿ ರೂಪಿಸಿದೆ. ಇದರಲ್ಲಿ ಶೇ. 60 ಭಾಗ ಕೌಶಲ, ಶೇ. 40 ಭಾಗ ಸಾಮಾನ್ಯ ಶಿಕ್ಷಣ. ಒಂದು ವರ್ಷಕ್ಕೆ ಬಿಟ್ಟರೆ ಡಿಪ್ಲೊಮಾ, ಎರಡು ವರ್ಷಕ್ಕೆ ಅಡ್ವಾನ್ಸ್ಡ್ ಡಿಪ್ಲೊಮಾ, ಮೂರು ವರ್ಷ ಪೂರೈಸಿದರೆ ಪದವಿ. ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು ಡಿಜಿಟಲ್ ಮೀಡಿಯಾ ಮತ್ತು ಫಿಲ್ಮ್ ಮೇಕಿಂಗ್ ವಿಷಯದಲ್ಲಿ ಬಿವೋಕ್ ಆರಂಭಿಸಿದ ಕಾಲೇಜುಗಳಲ್ಲಿ ಒಂದು.

ಇದಲ್ಲದೆ ಪತ್ರಿಕೋದ್ಯಮ ಒಂದು ವಿಷಯವಾಗಿರುವ ಬಿಎ, ಅನಿಮೇಷನ್ ಮತ್ತು ಗ್ರಾಫಿಕ್ಸ್‌ಗೆ ದೃಶ್ಯಕಲಾ ಪದವಿ (ಬಿವಿಎ) ಇವೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಈ ಕ್ಷೇತ್ರದ ಹಳೆಯ ಹೆಸರು. ಚಲನಚಿತ್ರ ತಾಂತ್ರಿಕತೆಗೆ ಹೆಸರಘಟ್ಟದಲ್ಲಿ ಸರ್ಕಾರಿ ಸಂಸ್ಥೆಯಿದೆ. ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆ ಪ್ರತ್ಯೇಕ ನೀತಿಯನ್ನು 2012ರಲ್ಲೇ ತಂದ ರಾಜ್ಯ ಕರ್ನಾಟಕ.

ಖಾಸಗಿ ತರಬೇತಿ ಕೇಂದ್ರಗಳ ಆರು ತಿಂಗಳ "ಡಿಜಿಟಲ್ ಮಾರ್ಕೆಟಿಂಗ್" ಪ್ರಮಾಣಪತ್ರ ಪದವಿಯಲ್ಲ. ಪದವಿಯ ಜೊತೆಗೆ ಕಲಿತರೆ ಉಪಯೋಗವಿದೆ. ಪದವಿಯನ್ನೇ ಬಿಟ್ಟು ಅದಕ್ಕೆ ದೊಡ್ಡ ಮೊತ್ತ ಕಟ್ಟಿದರೆ, ಮುಂದೆ ಪದವಿ ಕೇಳುವ ಯಾವುದೇ ಹುದ್ದೆಗೆ ಅರ್ಜಿ ಹಾಕಲಾಗದು.

ಕನ್ನಡ ಬಲ್ಲವರಿಗಿರುವ ಅವಕಾಶ

ಸುದ್ದಿ ಜಾಲತಾಣ, ಆ್ಯಪ್, ಉಪಶೀರ್ಷಿಕೆ, ಜಾಹೀರಾತು ಎಲ್ಲೆಡೆ ಕನ್ನಡದಲ್ಲಿ ತಪ್ಪಿಲ್ಲದೆ ಬರೆಯಬಲ್ಲವರು ಬೇಕು. ಯೂನಿಕೋಡ್‌ನಲ್ಲಿ ಟೈಪ್ ಮಾಡುವುದನ್ನು ಮೊದಲ ವರ್ಷದಲ್ಲೇ ಕಲಿಯಬೇಕು. ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಬರಹ ಆ ಫಾಂಟ್ ಇಲ್ಲದ ಕಡೆ ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತದೆ, ಹುಡುಕಿದರೂ ಸಿಗುವುದಿಲ್ಲ. ಮೂಡುಬಿದಿರೆ, ಶ್ರವಣಬೆಳಗೊಳದಂಥ ಕಡೆಗಳ ತಾಳೆಗರಿ ಭಂಡಾರಗಳ ಗ್ರಂಥಗಳನ್ನು ಸ್ಕ್ಯಾನ್ ಮಾಡಿ, ಪಟ್ಟಿ ಮಾಡಿ, ಕಾಪಿಡುವ ಕೆಲಸಕ್ಕೂ ಛಾಯಾಗ್ರಹಣ, ಡೇಟಾಬೇಸ್ ಮತ್ತು ಹಳೆಯ ಲಿಪಿ ಮೂರನ್ನೂ ಬಲ್ಲ ಯುವಕರು ಬೇಕು.

ಪ್ರಮಾಣಪತ್ರ ಮತ್ತು ಹಣಕಾಸು

ಜೈನ ಸಮುದಾಯಕ್ಕೆ 2014ರ ಜನವರಿಯಲ್ಲಿ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಮಾನ್ಯತೆ ದೊರೆತಿದೆ. ಇದು ಎಲ್ಲ ಪಂಥಗಳಿಗೂ ಅನ್ವಯ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯ 3ಬಿ ಪ್ರವರ್ಗದಲ್ಲಿ ಇರುವುದು ದಿಗಂಬರ ಜೈನರು. ಇವೆರಡೂ ಬೇರೆ ಬೇರೆ ಸೌಲಭ್ಯ, ಗೊಂದಲ ಮಾಡಿಕೊಳ್ಳಬಾರದು. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಪಡೆದು, ಸಿಇಟಿ ಅರ್ಜಿಯಲ್ಲಿ ಅದರ ಆರ್‌ಡಿ ಸಂಖ್ಯೆಯನ್ನು ಸರಿಯಾಗಿ ನಮೂದಿಸಬೇಕು. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪ್ರತ್ಯೇಕ ಮೀಸಲಾತಿಯಿದೆ. ಅದಕ್ಕೆ ಶಾಲೆಗಳಿಂದ ವ್ಯಾಸಂಗ ಪ್ರಮಾಣಪತ್ರ ಬೇಕು. ಪಿಯುಸಿ ಪರೀಕ್ಷೆಗೆ ಮೊದಲೇ ಇವನ್ನೆಲ್ಲ ಸಿದ್ಧಪಡಿಸಿದರೆ ಕೊನೆಗಳಿಗೆಯ ಓಡಾಟ ತಪ್ಪುತ್ತದೆ.

ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಸಿಇಟಿ ಮೂಲಕ ಸೀಟು ಪಡೆದವರು ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ "ಅರಿವು" ಶೈಕ್ಷಣಿಕ ಸಾಲದ ಬಗ್ಗೆ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬಹುದು. ಕೊನೆಯ ದಿನಾಂಕ ಪ್ರತಿ ವರ್ಷ ಬದಲಾಗುತ್ತದೆ.

ಸೇರುವ ಮುನ್ನ ವಿಚಾರಿಸಬೇಕಾದ್ದು

• ಕೋರ್ಸಿಗೆ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ? ಯುಜಿಸಿ ಪ್ರಕಟಿಸುವ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಹೆಸರಿಲ್ಲವೇ?
• ಬೋಧನಾ ಶುಲ್ಕವಲ್ಲದೆ ಪರೀಕ್ಷೆ, ಲ್ಯಾಬ್, ಹಾಸ್ಟೆಲ್ ಸೇರಿ ಪೂರ್ಣ ಅವಧಿಗೆ ಎಷ್ಟಾಗುತ್ತದೆ?
• ಲ್ಯಾಬ್‌ನಲ್ಲಿ ಪ್ರತಿ ವಿದ್ಯಾರ್ಥಿಗೂ ಕಂಪ್ಯೂಟರ್ ಸಿಗುತ್ತದೆಯೇ? ಕ್ಯಾಮೆರಾ, ಸ್ಟುಡಿಯೊ ಬಳಸಲು ಬಿಡುತ್ತಾರೆಯೇ?
• ಇಂಟರ್ನ್‌ಶಿಪ್ ಎಲ್ಲಿ ಕೊಡಿಸುತ್ತಾರೆ? ಕಳೆದ ವರ್ಷ ಎಷ್ಟು ಮಂದಿಗೆ ಕೆಲಸ ಸಿಕ್ಕಿದೆ?
• ಸೂರ್ಯಾಸ್ತಕ್ಕೆ ಮುನ್ನ ಊಟ ಮಾಡುವವರಿಗೆ ಹಾಸ್ಟೆಲ್‌ನಲ್ಲಿ ಅನುಕೂಲವಿದೆಯೇ? ಇಲ್ಲವಾದರೆ ಆ ಊರಿನಲ್ಲಿ ಜೈನ ವಿದ್ಯಾರ್ಥಿನಿಲಯ ಇದೆಯೇ?

ದುಬಾರಿ ಲ್ಯಾಪ್‌ಟಾಪನ್ನು ಮೊದಲ ದಿನವೇ ಕೊಳ್ಳಬೇಕಿಲ್ಲ. ಕೋಡಿಂಗ್ ಕಲಿಯಲು 8 ಜಿಬಿ ರ‍್ಯಾಮ್ ಇರುವ ಸಾಧಾರಣ ಯಂತ್ರ ಸಾಕು. ವಿಡಿಯೊ ಸಂಕಲನಕ್ಕೆ 16 ಜಿಬಿ ಇದ್ದರೆ ಒಳ್ಳೆಯದು. ಬ್ಲೆಂಡರ್, ಗಿಂಪ್, ಇಂಕ್‌ಸ್ಕೇಪ್, ಆಡಾಸಿಟಿಯಂಥ ಉಚಿತ ತಂತ್ರಾಂಶಗಳಲ್ಲಿ ರಜೆಯಲ್ಲೇ ಅಭ್ಯಾಸ ಆರಂಭಿಸಬಹುದು. ಎರಡು ತಿಂಗಳು ಹಾಗೆ ಕುಳಿತು ಕೆಲಸ ಮಾಡಿದರೆ ತನಗೆ ಯಾವುದು ಒಗ್ಗುತ್ತದೆ ಎಂಬುದು ವಿದ್ಯಾರ್ಥಿಗೇ ತಿಳಿಯುತ್ತದೆ. ಆ ನಂತರ ಹೆತ್ತವರು ಮತ್ತು ಮಕ್ಕಳು ಕೂಡಿ ಕುಳಿತು ನಿರ್ಧರಿಸುವುದು ಒಳಿತು.